ವಕ್ರಾ ತೀರದ ಗ್ರೀಕ್ ಮದುವೆ

ಭಾವನ ದೊಡ್ಡಮ್ಮನಿಗೆ ಒಂದು ಅಭ್ಯಾಸ. ಹೊಳೆಯುವ ನೆಲ ಕಂಡರೆ ಸಾಕು, ಚಪ್ಪಲಿ ಬಿಟ್ಟುಬಿಡುತ್ತಾರೆ. ಬಿಡುವ ಮುಂಚೆ ಎಡಗಾಲಿನ ಹೆಬ್ಬೆರಳನ್ನು ನೆಲಕ್ಕೆ ಮೆಲ್ಲಗೆ ತಾಗಿಸಿ ನೋಡುತ್ತಾರೆ. ತಣ್ಣಗೆ, ನುಣ್ಣಗೆ ಇದ್ದರೆ ಅದು ದೇವಸ್ಥಾನವೇ. ಮೈಸೂರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಕತಾರಿನ ದೋಹಾದಲ್ಲಿ ಹೊಳೆಯದ ನೆಲ ಹುಡುಕುವುದೇ ಕಷ್ಟ.

ಮದುವೆಗೆ ಬಂದವರಿಗೆ ಊರು ತೋರಿಸುವ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಸ್ಸಿನಿಂದ ಇಳಿಯುತ್ತದೆ.

ಅಕ್ಕನಿಗೆ ಗ್ರೀಸಿನ ಯಾವುದೋ ದ್ವೀಪದಲ್ಲಿ ಮದುವೆಯಾಗುವ ಆಸೆಯಿತ್ತು. ಎರಡೂ ಕಡೆಯ ಅಜ್ಜಿ ತಾತಂದಿರ ವೀಸಾ ನೆನೆಸಿಕೊಂಡೇ ಅಪ್ಪನಿಗೆ ಸುಸ್ತಾಯಿತು. "ಸಮುದ್ರ ತಾನೇ ಬೇಕು? ಅಲ್ ವಕ್ರಾದಲ್ಲಿ ನಮ್ಮ ಮನೆಯಿಂದ ನಡಕೊಂಡು ಹೋದ್ರೆ ಸಿಗುತ್ತೆ" ಅಂದರು. ಹಾಗಾಗಿ ದೋಹಾ ಪಕ್ಕದ ಆ ವಕ್ರಾ ತೀರದಲ್ಲೇ, ಗ್ರೀಸಿನ ಊರುಗಳ ಹಾಗೆ, ಥರ್ಮೋಕೋಲಿನ ಬಿಳಿ ಗೋಡೆ, ನೀಲಿ ಗುಮ್ಮಟ ಎದ್ದವು. ಮೈಸೂರಿನಿಂದ ಬಂದ ಬೀಗರನ್ನು ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಹೋಟೆಲಿನಲ್ಲಿ ಇಳಿಸಿ, ಗೈಡ್ ಕೆಲಸ ನನ್ನ ತಲೆಗೆ ಕಟ್ಟಿದರು.

ನಾನೋ ಇಲ್ಲೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಒಂದು ಕನ್ನಡ ವಾಕ್ಯವನ್ನು ತಲೆಯಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಅಮ್ಮ ಒಂದೇ ಮಾತು ಹೇಳಿದ್ದರು: "ಭಾವನ್ನ ಸಾಕಿ ಬೆಳೆಸಿದ್ದು ಆ ದೊಡ್ಡಮ್ಮ. ಅವರ ಮನಸ್ಸಿಗೆ ಬೇಜಾರಾಗಬಾರದು ಕಣೇ. ನಿಮ್ಮಕ್ಕ ಆ ಮನೇಲಿ ಬಾಳಬೇಕು."

ಮಾಲ್ ಬಾಗಿಲಲ್ಲಿ

ಮೊದಲ ದಿನ ಮಾಲ್. ಬಾಗಿಲಲ್ಲೇ ದೊಡ್ಡಮ್ಮನ ಹೆಬ್ಬೆರಳು ನೆಲ ಮುಟ್ಟಿತು. ಚಪ್ಪಲಿ ಬಿಟ್ಟರು.

"ದೊಡ್ಡಮ್ಮ, ಇಲ್ಲಿ ಹಾಕ್ಕೊಂಡೇ ಹೋಗಬಹುದು" ಅಂದೆ.

"ಇಷ್ಟು ಚೆನ್ನಾಗಿ ಒರೆಸಿಟ್ಟಿದ್ದಾರೆ ಪುಟ್ಟಿ. ತುಳಿಯೋಕೆ ಮನಸ್ಸು ಬರುತ್ತಾ?"

ಹಿಂದೆ ಬಂದವರೆಲ್ಲ ಅವರ ಚಪ್ಪಲಿ ನೋಡಿ ತಮ್ಮದನ್ನೂ ಬಿಟ್ಟರು. ಹಿರಿಯರು ಬಿಟ್ಟಮೇಲೆ ಕಾರಣ ಕೇಳುವ ಪದ್ಧತಿ ಆ ಮನೆಯಲ್ಲಿಲ್ಲ. ಸೆಕ್ಯೂರಿಟಿಯವನು ಓಡಿಬಂದು ಆ ರಾಶಿ ನೋಡಿದ. ನನ್ನ ಹತ್ತಿರ ಮೆಲ್ಲಗೆ ಇಂಗ್ಲಿಷಿನಲ್ಲಿ, "ಮೇಡಂ, ಒಳಗೆ ಪ್ರಾರ್ಥನೆ ಏನಾದರೂ ಇದೆಯಾ?" ಅಂತ ಕೇಳಿದ. ವಿವರಿಸುವುದಕ್ಕೆ ನಾಚಿಕೆಯಾಗಿ ಹೂಂ ಅಂತ ತಲೆಯಾಡಿಸಿಬಿಟ್ಟೆ.

ವಾಪಸ್ ಬಂದಾಗ ಚಪ್ಪಲಿಗಳೆಲ್ಲ ಗೋಡೆಯ ಪಕ್ಕ ಜೋಡಿ ಜೋಡಿಯಾಗಿ ಸಾಲಾಗಿದ್ದವು. ಆತ ಪಕ್ಕದಲ್ಲೇ ಕಾವಲು ನಿಂತಿದ್ದ.

ದೊಡ್ಡಮ್ಮ ಅವನಿಗೆ ಕೈಮುಗಿದು ನನಗೆ ಹೇಳಿದರು: "ನೋಡು, ಎಂಥ ದೇಶ! ನಮ್ಮಲ್ಲಿ ಟೋಕನ್ ಕೊಟ್ಟರೂ ಚಪ್ಪಲಿ ಹೋಗುತ್ತೆ."

ಗ್ರೀಸಿನ ಫೋಟೋ

ಭಾವನ ಚಿಕ್ಕಪ್ಪನದು ಬೇರೆ ಸಂಕಟ. ಬೆಳಗಿನ ವಾಕಿಂಗ್ ಗೆಳೆಯರಿಗೆಲ್ಲ ಗ್ರೀಸಿಗೆ ಹೋಗ್ತಿದೀನಿ ಅಂತ ಹೇಳಿಬಂದಿದ್ದರು. ಮದುವೆಯ ಜಾಗ ಬದಲಾದ ಮೇಲೂ ಮಾತು ಬದಲಿಸುವ ಧೈರ್ಯವಾಗಿರಲಿಲ್ಲ.

"ಒಂದೇ ಒಂದು ಫೋಟೋ ತೆಗಿಯಮ್ಮ. ಬಿಳಿ ಗೋಡೆ ಇರಲಿ, ನೀಲಿ ಬಾಗಿಲಿರಲಿ. ಅರಬ್ಬಿ ಅಕ್ಷರ ಬರಬಾರದು."

ಸೂಕ್ ಅನ್ನುವ ಹಳೇ ಪೇಟೆಯ ಗಲ್ಲಿಗಲ್ಲಿ ಅಲೆದು ಅಂಥದ್ದೊಂದು ಬಾಗಿಲು ಹುಡುಕಿದೆ. ಅವರು ಕೂಲಿಂಗ್ ಗ್ಲಾಸ್ ಹಾಕಿ, ಹೊಟ್ಟೆ ಒಳಗೆಳೆದುಕೊಂಡು ನಿಂತರು. ತೆಗೆದೆ. ನೋಡದೆಯೇ ಗ್ರೂಪಿಗೆ ಕಳಿಸಿಬಿಟ್ಟರು. ಎರಡೇ ನಿಮಿಷಕ್ಕೆ ಒಬ್ಬ ಗೆಳೆಯರ ಪ್ರಶ್ನೆ ಬಂತು: "ಹಿಂದೆ ಯಾವುದೋ ಒಂಟೆ ನಿಂತಿದೆಯಲ್ಲ ಸ್ವಾಮಿ?"

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಅವರೇ ಯೋಚಿಸಿ ಟೈಪ್ ಮಾಡಿದರು: "ಅದು ಹೆಣ್ಣಿನ ಕಡೆಯದು."

ಶುಕ್ರವಾರ ಬೆಳಿಗ್ಗೆ

ಮದುವೆ ಶುಕ್ರವಾರ. ಪುರೋಹಿತರು ಇಲ್ಲಿನ ಸೂರ್ಯೋದಯ ನೋಡಿ ಒಂಬತ್ತು ಗಂಟೆಗೆ ಮುಹೂರ್ತ ಇಟ್ಟಿದ್ದರು. ಎಂಟಕ್ಕೆ ಬಸ್ಸು ಹೋಟೆಲ್ ಮುಂದೆ ಬಂದು ನಿಂತಿತು. ಎಲ್ಲರೂ ಹತ್ತಿದರು. ದೊಡ್ಡಮ್ಮ ಮಾತ್ರ ರೇಷ್ಮೆ ಸೀರೆಯಲ್ಲಿ ಹೊಸ್ತಿಲ ಒಳಗೇ ನಿಂತುಬಿಟ್ಟರು.

"ಹತ್ತೂವರೆ ಆಯ್ತು. ರಾಹುಕಾಲ ಶುರುವಾಯ್ತು. ನಾನು ಹೊಸ್ತಿಲು ದಾಟಲ್ಲ."

ಅವರ ವಾಚು ಮೈಸೂರಿನ ಟೈಮಿನಲ್ಲೇ ಇತ್ತು. ಮನೆಯವರು ಕೊಡಿಸಿದ ವಾಚು, ನಾಲ್ಕು ದಿನಕ್ಕೋಸ್ಕರ ಮುಳ್ಳು ತಿರುಗಿಸಲ್ಲ ಅಂತ ಬಂದ ದಿನವೇ ಹೇಳಿದ್ದರು.

"ಅತ್ತಿಗೆ, ಇಲ್ಲಿ ಇನ್ನೂ ಎಂಟು ಗಂಟೆ" ಅಂದರು ಚಿಕ್ಕಪ್ಪ.

"ನಿಮ್ಮ ಫೋನು ಹೇಳೋ ಗಂಟೆ ರಾಹು ಕೇಳ್ತಾನೇನು? ಸುಮ್ಮನಿರಿ."

ಇದನ್ನು ಕೇಳಿ ಹತ್ತಿದವರೂ ಒಬ್ಬೊಬ್ಬರಾಗಿ ಇಳಿಯತೊಡಗಿದರು. ಮಂಟಪದಿಂದ ಅಮ್ಮ ಫೋನ್ ಮಾಡಿದರು: "ದೊಡ್ಡಮ್ಮ ಬರದೆ ತಾಳಿ ಕಟ್ಟಲ್ಲ ಅಂತ ಭಾವ ಕೂತಿದ್ದಾರೆ. ಅಕ್ಕ ಅಳೋಹಾಗಿದ್ದಾಳೆ. ಏನಾದ್ರೂ ಮಾಡೇ!"

 ಹೋಗಿ ದೊಡ್ಡಮ್ಮನ ಕೈ ಹಿಡಿದುಕೊಂಡೆ.

"ದೊಡ್ಡಮ್ಮ, ರಾಹು ಈಗ ಮೈಸೂರಲ್ಲಿದ್ದಾನೆ."

ಎಲ್ಲರೂ ನನ್ನ ಕಡೆ ತಿರುಗಿದರು.

"ಸೂರ್ಯ ಮೊದಲು ಅಲ್ಲಿ ಹುಟ್ಟಿ ಆಮೇಲೆ ತಾನೇ ಇಲ್ಲಿಗೆ ಬರೋದು? ರಾಹೂನೂ ಅವನ ಹಿಂದೇನೇ ಬರ್ತಾನೆ. ಇಲ್ಲಿಗೆ ತಲುಪೋಕೆ ಇನ್ನೂ ಎರಡೂವರೆ ಗಂಟೆ ಇದೆ."

ದೊಡ್ಡಮ್ಮ ಹೊಸ್ತಿಲ ಒಳಗಿನಿಂದಲೇ ಬಗ್ಗಿ ಆಕಾಶ ನೋಡಿದರು. "ಅಂದ್ರೆ, ಅವನಿನ್ನೂ ಸಮುದ್ರ ದಾಟಿಲ್ಲ?"

"ಇಲ್ಲ."

"ಮತ್ತೆ ಯಾಕ್ರೋ ಎಲ್ಲ ಇಳಿದು ನಿಂತಿದ್ದೀರಾ? ಅವನು ಬರೋದ್ರೊಳಗೆ ತಾಳಿ ಕಟ್ಟಿಸಿಬಿಡೋಣ. ಯಲ್ಲಾ, ಯಲ್ಲಾ!" ಅಂತ ಇಲ್ಲಿಗೆ ಬಂದಮೇಲೆ ಕಲಿತ ಅರಬ್ಬಿಯಲ್ಲೇ ಎಲ್ಲರಿಗೂ ಅವಸರ ಮಾಡಿದರು.

ದಾರಿಯುದ್ದಕ್ಕೂ ಬಸ್ಸು ಸ್ವಲ್ಪ ನಿಧಾನವಾದರೆ ಸಾಕು, ಅವರು ಹಿಂದಿನ ಗಾಜಿನ ಕಡೆ ತಿರುಗಿ ನೋಡುತ್ತಿದ್ದರು. ಮಲಯಾಳಿ ಡ್ರೈವರಣ್ಣನಿಗೆ ಅನುಮಾನ ಬಂತು. "ಹಿಂದೆ ಯಾರಾದರೂ ಬರ್ತಿದ್ದಾರಾ?" ಅಂತ ಹಿಂದಿಯಲ್ಲಿ ಕೇಳಿದರು.

"ಮೈಸೂರಿನಿಂದ ಒಬ್ಬರು" ಅಂದೆ.

"ಪಾಪ, ಸೀಟು ಖಾಲಿ ಇದೆ. ನಿಲ್ಲಿಸಲಾ?"

ನೀಲಿ ಗುಮ್ಮಟದ ಕೆಳಗೆ ಸರಿಯಾದ ಹೊತ್ತಿಗೆ ಅಕ್ಕನ ಕೊರಳಿಗೆ ತಾಳಿ ಬಿತ್ತು. ಅವಳು ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಅಕ್ಷತೆ ಹಾಕಿ ಬಂದು ಅಮ್ಮನಿಗೆ ಹೇಳಿದರು: "ನಿಮ್ಮ ಚಿಕ್ಕವಳು ಮಾತೇ ಆಡಲ್ಲ ಅಂದ್ಕೊಂಡಿದ್ದೆ. ಪರವಾಗಿಲ್ಲ, ಆಡಿದರೆ ರಾಹುನೂ ನಿಲ್ಲಿಸ್ತಾಳೆ."

ಅವರು ಊರಿಗೆ ಹೋಗಿ ಒಂದು ತಿಂಗಳಾಯಿತು. ಇವತ್ತು ಮತ್ತೆ ಶುಕ್ರವಾರ. ಬೆಳಿಗ್ಗೆ ಅವರ ವಾಯ್ಸ್ ಮೆಸೇಜ್ ಬಂದಿದೆ. ನಾನು ಕೇಳಿಸಿಕೊಂಡಿದ್ದೇನೆ ಅಂತ ನೀಲಿ ಗುರುತು ಬೇರೆ ಬಿದ್ದುಹೋಗಿದೆ. ಈಗ ಗಡಿಯಾರ ನೋಡುತ್ತಾ ಕೂತಿದ್ದೇನೆ.

"ಪುಟ್ಟಿ, ರಾಹು ಈಗ ತಾನೇ ಇಲ್ಲಿಂದ ಹೊರಟ. ಅಲ್ಲಿ ತಲುಪಿದ ತಕ್ಷಣ ನಂಗೊಂದು ಮೆಸೇಜ್ ಹಾಕಮ್ಮ."