ಲಾಡ್ಜಿನ ಕತ್ತಿ, ಶಾಮಣ್ಣನ ಕುರ್ಚಿ

ಒಂದು ಬೆಟ್ಟ, ಬೆಟ್ಟದ ಮೇಲೊಂದು ಊರು. ಊರಿನ ಹೆಸರು ಮಡಿಕೇರಿ. ಕಾಲ ತೀರ ಹಳೆಯದೇನಲ್ಲ, ಹೋದ ವರ್ಷದ ಮಳೆ ಹಿಂದೆಗೆಯುತ್ತಿದ್ದ ಹೊತ್ತು. ಆ ಊರಲ್ಲಿ ಶಾಮಣ್ಣನೆಂಬ ಹೈಸ್ಕೂಲು ಮೇಷ್ಟ್ರಿದ್ದ. ಅವನಿಗೆ ಸೋರದ ಮನೆಯಿತ್ತು, ಮಾತು ಬಲ್ಲ ಹೆಂಡತಿಯಿದ್ದಳು, ತಿಂಗಳಾದರೆ ಸಂಬಳ ಬರುತ್ತಿತ್ತು. ಕತೆಯ ರಾಜನಿಗೆ ಎಲ್ಲ ಇದ್ದೂ ಮಕ್ಕಳಿರುವುದಿಲ್ಲವಲ್ಲ, ಹಾಗೆ ಶಾಮಣ್ಣನಿಗೆ ಎಲ್ಲ ಇದ್ದೂ ಕೂರುವ ಯೋಗವೊಂದು ಇರಲಿಲ್ಲ.

ಮದುವೆಮನೆಗೆ ಹೋದರೆ ಎಲೆ ಮುಂದೆ ಕೂರುವ ಮೊದಲೇ ಯಾರೋ ಅವನ ಕೈಗೆ ಸಾರಿನ ಬಕೆಟ್ಟು ಕೊಡುತ್ತಿದ್ದರು. ಗ್ರೂಪ್ ಫೋಟೋ ಎಂದರೆ ಮೊಬೈಲು ಅವನ ಕೈಗೇ ಬರುತ್ತಿತ್ತು. ಮೈಸೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿತೋ, ಸುಂಟಿಕೊಪ್ಪ ದಾಟುವುದರೊಳಗೆ ತುಂಬು ಬಸುರಿಯೊಬ್ಬಳು ಹತ್ತಿ ಅವನ ಪಕ್ಕದಲ್ಲೇ ಬಂದು ನಿಲ್ಲುತ್ತಿದ್ದಳು.

ಇಂಥ ಶಾಮಣ್ಣ ಫ್ರೀಮೇಸನ್ನರ ಲಾಡ್ಜಿಗೆ ಸೇರಿದ್ದ. ಪ್ರವಾಸಿಗರು ಬಾಡಿಗೆಗೆ ಇಳಿಯುವ ಲಾಡ್ಜಲ್ಲ ಅದು. ಆದರೂ ಶನಿವಾರ ಸಂಜೆ ಗೇಟಿಗೆ ಬಂದು ಬಿಸಿನೀರು ಬರ್ತದಾ ಎಂದು ಕೇಳುವವರು ಇದ್ದೇ ಇದ್ದರು. ಪ್ಲಾಂಟರು, ವಕೀಲರು, ಡಾಕ್ಟರು, ಮೇಷ್ಟ್ರುಗಳು ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆದುಕೊಂಡು ಸೇರುವ ಹಳೇ ಕಟ್ಟಡ. ವರ್ಷಕ್ಕೊಮ್ಮೆ ಊರವರಿಗೆ ಕಣ್ಣಿನ ಶಿಬಿರ, ಶಾಲೆಮಕ್ಕಳಿಗೆ ಕೊಡೆ; ಉಳಿದಂತೆ ಬಾಗಿಲು ಹಾಕಿಕೊಂಡು ಅವರದೇ ಕ್ರಮ, ಆಮೇಲೆ ಅವರದೇ ಊಟ. ಬಾಗಿಲು ಹಾಕಿದ್ದರಿಂದ ಊರಿಗೆ ಅನುಮಾನ. ಒಳಗೆ ಆಡಿನ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ ಎನ್ನುವವರಿದ್ದರು. ನಿಜ ಹೇಳಬೇಕೆಂದರೆ ಶಾಮಣ್ಣನನ್ನು ಆಡಿನ ಮೇಲೂ ಯಾರೂ ಕೂರಿಸಿರಲಿಲ್ಲ.

ಅಲ್ಲಿ ಕುರ್ಚಿಗಳಿದ್ದವು. ಬೀಟೆ ಮರದವು, ಎತ್ತರದ ಬೆನ್ನಿನವು, ಪ್ರತಿಯೊಂದಕ್ಕೂ ಒಂದು ಹುದ್ದೆ. ವರ್ಷಕ್ಕೊಬ್ಬ ಹೊಸ ಮಾಸ್ಟರ್ ಬಂದು ಯಾರಿಗೆ ಯಾವ ಕುರ್ಚಿಯೆಂದು ಹಂಚುತ್ತಾನೆ. ಆ ಸಂಜೆ ಮಾತ್ರ ಮನೆಯವರೂ ಅತಿಥಿಗಳೂ ಒಳಗೆ ಬಂದು ನೋಡಬಹುದು. ಈ ಸಲದ ಹೊಸ ಮಾಸ್ಟರ್ ವಕೀಲ ಶ್ರೀರಾಮ್, ಶಾಮಣ್ಣನ ಹೆಗಲ ಮೇಲೆ ಕೈಯಿಟ್ಟು ಹೇಳಿಯೇಬಿಟ್ಟಿದ್ದರು: "ಬ್ರದರ್, ಎಡಗಡೆ ಎರಡನೇ ಕುರ್ಚಿ. ಯಾರಿಗೂ ಹೇಳ್ಬೇಡಿ."

ಶಾಮಣ್ಣ ಯಾರಿಗೂ ಹೇಳಲಿಲ್ಲ, ಹೆಂಡತಿ ಮಾಳವಿಕಾಗೆ ಮಾತ್ರ ಹೇಳಿದ. ಹಾಗಾಗಿ ಅವರ ಬೀದಿಗೆಲ್ಲ ಗೊತ್ತಾಯಿತು.

ತೊಂದರೆ ಶುರುವಾದದ್ದು ಕತ್ತಿಯಿಂದ. ಸಭೆ ನಡೆಯುವಷ್ಟು ಹೊತ್ತೂ ಬಾಗಿಲ ಹೊರಗೆ ಒಬ್ಬ ಬ್ರದರ್ ಕತ್ತಿ ಹಿಡಿದು ಕಾವಲು ನಿಲ್ಲಬೇಕು, ಅದು ಲಾಡ್ಜಿನ ನಿಯಮ. ಆ ಮಳೆಗಾಲದಲ್ಲಿ ಕತ್ತಿಗೆ ಕಾಫಿಗಿಡದ ತೊಗಟೆಯ ಬಣ್ಣ ಬಂದಿತ್ತು. "ಯಾರಾದ್ರೂ ಉಜ್ಜಿಸಿ ತಂದ್ರೆ ಒಳ್ಳೇದಿತ್ತು. ಮೈಸೂರಿನ ಬ್ರದರ್‌ಗಳೂ ಬರ್ತಿದ್ದಾರೆ," ಎಂದರು ಶ್ರೀರಾಮ್. ಶಾಮಣ್ಣ ಎದ್ದು ನಿಂತ. ಅಂದರೆ ನಿಂತೇ ಇದ್ದ, ಕೈ ಎತ್ತಿದ. "ನಾನು ತಂದು ಬಾಗಿಲಿಗೆ ಮುಟ್ಟಿಸ್ತೇನೆ."

ಕುರ್ಚಿ ಹಂಚುವ ದಿನ ಬೆಳಿಗ್ಗೆ ಮಾಳವಿಕಾ ಕಾಫಿ ತಂದಿಟ್ಟು, "ರೀ, ಕತ್ತಿ ಎಲ್ಲಿ ಅಂತ ಮಾತ್ರ ಕೇಳ್ಬೇಡಿ," ಎಂದಳು.

"ಎಲ್ಲಿ?"

"ಹುಣಸೆಹಣ್ಣು ಹಾಕಿ ಉಜ್ಜಿದೆ. ನಮ್ಮ ಹರಿವಾಣ ಹೇಗೆ ಹೊಳೀತದೆ ಅದ್ರಲ್ಲಿ. ಇದು ಚಿರತೆ ಥರ ಮಚ್ಚೆ ಮಚ್ಚೆ ಆಯ್ತು. ಅಷ್ಟೊತ್ತಿಗೆ ನಾಣಯ್ಯನವರು ಜೇನು ಕೊಡೋಕೆ ಬಂದ್ರು. ಕೋವಿಗೆ ಹಾಕೋ ಎಣ್ಣೆ ಹಾಕಿ ಸರಿ ಮಾಡಿಕೊಡ್ತೇನೆ ಅಂದ್ರು. ಕೊಟ್ಟು ಕಳಿಸಿದೆ."

"ಗಾಳಿಬೀಡಿಗಾ?"

"ಅವ್ರ ಮನೆ ಇರೋದು ಗಾಳಿಬೀಡಲ್ಲಿ. ಮತ್ತೆ ದುಬೈಗೆ ಕಳಿಸ್ಲಾ?"

ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಶಾಮಣ್ಣ ಲಾಡ್ಜಿನ ಕಪ್ಪು ಕೋಟು ಹಾಕಿಕೊಂಡೇ ಹೊರಟ. ಸ್ಟ್ಯಾಂಡಿನಲ್ಲಿ ಚಿನ್ನನ ಆಟೋ ಸಿಕ್ಕಿತು. ಎಲ್ಲ ಸುಸೂತ್ರವಾಗಿತ್ತು. ಅಜ್ಜಿಯರ ಕತೆಯಲ್ಲಾದರೆ ಇಂಥ ಹೊತ್ತಿಗೇ ದಾರಿಯಲ್ಲೊಂದು ಮುದುಕಿ ಸಿಗುತ್ತಾಳೆ. ಶಾಮಣ್ಣನಿಗೂ ಸಿಕ್ಕಳು, ಆದರೆ ನಾಣಯ್ಯನ ಮನೆಯಲ್ಲಿ.

ನಾಣಯ್ಯ ಮಿಲಿಟರಿಯಿಂದ ನಿವೃತ್ತನಾಗಿ ಕಾಫಿ ತೋಟ ನೋಡಿಕೊಂಡಿದ್ದವನು. ಅಂಗಳಕ್ಕೇ ಬಂದು ಎದುರುಗೊಂಡ. "ಬನ್ನಿ ಮೇಷ್ಟ್ರೇ, ಹಬ್ಬದ ದಿನವೇ ಬಂದ್ರಲ್ಲ. ನಿಮ್ಮ ಕತ್ತಿ ನೋಡಿ ಹೇಗೆ ಮಾಡಿದ್ದೇನೆ."

ಒಳಗೆ ದೀಪದ ಮುಂದೆ ಮಣೆ. ಮಣೆಯ ಮೇಲೆ ಎರಡು ಕೋವಿ, ಮೂರು ಕತ್ತಿ, ನಡುವೆ ಲಾಡ್ಜಿನ ಕತ್ತಿ ಹೊಸ ಅಳಿಯನ ಹಾಗೆ ಮಿಂಚುತ್ತ ಮಲಗಿತ್ತು. ಮೈತುಂಬ ಗಂಧ, ಹಿಡಿಕೆಗೆ ಕೆಂಪು ಹಳದಿಯ ಕೋವಿಹೂ. ಶಾಮಣ್ಣನಿಗೆ ಆಗ ನೆನಪಾಯಿತು. ಗಾಳಿಬೀಡಿನ ಕಡೆ ಅಂದು ಕೈಲ್‌ಮುಹೂರ್ತ. ಗದ್ದೆ ಕೆಲಸ ಮುಗಿಸಿ ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಒಂದೊಂದು ನಾಡಿಗೆ ಒಂದೊಂದು ದಿನ ಬರುವುದರಿಂದ ಪೇಟೆಯವರಿಗೆ ಲೆಕ್ಕ ತಪ್ಪುವುದುಂಟು.

"ಬಹಳ ಉಪಕಾರ ಆಯ್ತು," ಎಂದು ಶಾಮಣ್ಣ ಕೈ ಚಾಚಿದ.

"ಅಯ್ಯೋ, ಈಗ ಮುಟ್ಟೋ ಹಾಗಿಲ್ಲ. ಪೂಜೆಗೆ ಇಟ್ಟಾಯ್ತಲ್ಲ. ಪೂಜೆ ಆಗುವ ತನಕ ಯಾರೂ ಆಯುಧ ಎತ್ತಬಾರದು."

"ಅದು ನಮ್ಮದಲ್ವಾ ನಾಣಯ್ಯನವ್ರೇ."

"ಮಣೆ ನಮ್ಮದಲ್ವಾ ಮೇಷ್ಟ್ರೇ. ಅಣ್ಣ ಬಂದು ದೀಪ ಹಚ್ಚಲಿ, ಐದು ನಿಮಿಷದ ಕೆಲಸ. ಹಾರಂಗಿಯಿಂದ ಹೊರಟಾಗಿದೆ."

ಅಣ್ಣ ಹಾರಂಗಿಯಿಂದ ಹೊರಟದ್ದು ನಿಜ. ಆದರೆ ಅಂದು ರಜೆ. ಬೆಂಗಳೂರಿನ ಕಾರುಗಳೆಲ್ಲ ಮಂಜು ನೋಡಲು ಬೆಟ್ಟ ಹತ್ತುತ್ತಿದ್ದವು, ಅಣ್ಣನ ಜೀಪು ಅವುಗಳ ನಡುವೆ ಬೆಲ್ಲಕ್ಕಂಟಿದ ಇರುವೆಯಾಗಿತ್ತು. ಶ್ರೀರಾಮ್ ಫೋನು ಮಾಡಿದರು. "ಬ್ರದರ್, ಕತ್ತಿ ಸಿಕ್ತಾ?" "ಕಣ್ಣೆದುರಿಗೇ ಇದೆ," ಎಂದ ಶಾಮಣ್ಣ. ಸುಳ್ಳಲ್ಲ. ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಜೀವವಿಟ್ಟ ರಾಕ್ಷಸನಿಗೂ ಅಷ್ಟು ಸಂಕಟವಾಗಿರಲಿಕ್ಕಿಲ್ಲ. ಅವನಿಗೆ ಗಿಳಿ ಕಾಣುತ್ತಲಾದರೂ ಇರಲಿಲ್ಲ.

ಮಧ್ಯಾಹ್ನ ದಾಟಿತು. ನಾಣಯ್ಯ ಕೊಟ್ಟಿಗೆಯ ಕಡೆ ಹೋದ. ಅವನ ತಾಯಿ ಕಾವೇರಮ್ಮ ದೂರ, ಅಂಗಳದಾಚೆ ಕಟ್ಟೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಎಂಬತ್ತು ದಾಟಿದ ಜೀವ. ಶಾಮಣ್ಣ ಮೆಲ್ಲಗೆ ಬಾಗಿದ, ಎರಡು ಬೆರಳು ಚಾಚಿದ.

"ಬೇಡ ಮೇಷ್ಟ್ರೇ," ಎಂದು ಕಟ್ಟೆಯಿಂದಲೇ ಕೇಳಿಸಿತು.

ಶಾಮಣ್ಣ ಬೆರಳನ್ನು ಹಾಗೆಯೇ ಕಿವಿಗೆ ಒಯ್ದು ತುರಿಸಿಕೊಂಡ. "ನೊಣ ಇತ್ತು ಕಾವೇರಮ್ಮ, ಓಡಿಸ್ತಿದ್ದೆ."

"ನೊಣ ಇದ್ದಿದ್ರೆ ನಂಗೂ ಕಾಣ್ತಿತ್ತು. ನಿಮ್ಮ ಲಾಡ್ಜಿನವ್ರೇ ಕೊಟ್ಟ ಕನ್ನಡಕ ಇದು. ಎಂಥಾ ಒಳ್ಳೆ ಕನ್ನಡಕ ಅಂತೀರಿ. ಎದುರು ಬೆಟ್ಟದಲ್ಲಿ ಯಾರ ಮನೆ ದನ ಮೇಯ್ತದೆ ಅಂತ ಹೇಳ್ತೇನೆ."

ಕಣ್ಣಿನ ಶಿಬಿರದ ದಿನ ಸರದಿಯ ಬಾಯಲ್ಲಿ ನಿಂತು ಮುದುಕಿಯರನ್ನು ಒಳಗೆ ಬಿಟ್ಟವನು ಶಾಮಣ್ಣನೇ.

ಕೊನೆಗೂ ಅಣ್ಣ ಬಂದ. ದೀಪ ಹಚ್ಚಿದರು, ಧೂಪ ಹಾಕಿದರು, ಅಕ್ಕಿ ಹಾಕಿ ಕೈಮುಗಿದರು. ಊಟ ಮಾಡದೆ ಕತ್ತಿ ಕೊಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಂದಿ ಸಾರಿನ ಘಮಘಮದ ನಡುವೆ ಶಾಮಣ್ಣ ಕಡಂಬುಟ್ಟೆಂಬ ಅಕ್ಕಿ ಕಡುಬನ್ನು ಜೇನಿನಲ್ಲಿ ಅದ್ದಿ ನುಂಗಿದ, ಅದೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ. "ಗಂಧ, ಹೂವು ಇವತ್ತು ತೆಗೀಬಾರದು," ಎಂದು ನಾಣಯ್ಯ ಕತ್ತಿಯನ್ನು ಮಗುವಿನಂತೆ ಅವನ ತೋಳಿಗೆ ದಾಟಿಸಿದ.

ಆದರೆ ಆಟೋ ಹತ್ತಿರ ಚಿನ್ನ ಇರಲಿಲ್ಲ. ಊರ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಚಿನ್ನ ಹೆಸರು ಕೊಟ್ಟಾಗಿತ್ತು.

"ಒಂದು ರೌಂಡು ಸಾರ್. ಹೊಡೆದ ಕೂಡಲೇ ಹೊರಡುವ."

ಹೊಡೆದ, ಕಾಯಿಗೆ ತಾಗಲಿಲ್ಲ. ಮತ್ತೆ ಹೆಸರು ಕೊಟ್ಟ. ಕಾಯಿಗೆ ಬೀಳದ ಪ್ರತಿ ಗುಂಡೂ ಶಾಮಣ್ಣನ ಎದೆಗೆ ಬೀಳುತ್ತಿತ್ತು. ಶ್ರೀರಾಮ್ ಮತ್ತೆ ಫೋನು ಮಾಡಿದರು. "ಏನು ಬ್ರದರ್, ಅದು ಗುಂಡಿನ ಸದ್ದಾ? ಯುದ್ಧಕ್ಕೆ ತಗೊಂಡು ಹೋಗಿದ್ದೀರಾ ಕತ್ತೀನ?" ಕಡೆಗೆ ಗಾಳಿಗೋ ಏನೋ ಕಾಯಿ ತಾನೇ ಕಳಚಿ ಬಿತ್ತು. ಚಿನ್ನ ಅದನ್ನು ತನ್ನ ಗೆಲುವೆಂದು ಸಾರಿ ಆಟೋ ಹತ್ತಿದ.

ಮಡಿಕೇರಿಯ ಸರ್ಕಲ್ಲಿನಲ್ಲಿ ವಾಹನಗಳ ಸಾಲು ನಿಂತಿತ್ತು. ಪಕ್ಕದ ಕಾರಿನಿಂದ ಇಬ್ಬರು ಹುಡುಗಿಯರು ಇಳಿದು ಹೂ ಮುಡಿದ ಕತ್ತಿಯ ಜೊತೆ ಸೆಲ್ಫಿ ತೆಗೆದುಕೊಂಡರು. ಅದನ್ನು ಕಂಡು ಪೊಲೀಸ್ ಪೇದೆ ಜವರಯ್ಯ ಬಂದ. ಮಂಡ್ಯದ ಕಡೆಯವನು, ಕೊಡಗಿಗೆ ವರ್ಗವಾಗಿ ಬಂದು ಹದಿನೈದು ದಿನವಾಗಿತ್ತು.

"ಏನ್ ಸಾರ್ ಇದು?"

"ಕತ್ತಿ."

"ಅದು ಕಾಣ್ತದೆ. ಯಾರ್ದು?"

"ಲಾಡ್ಜಿಂದು."

"ಲಾಡ್ಜ್‌ನವ್ರಿಗೆ ಕತ್ತಿ ಯಾಕೆ? ಬಾಡಿಗೆ ಕೊಡ್ದೋರ್ಗಾ?"

"ಅಂಥ ಲಾಡ್ಜಲ್ಲ. ಬಾಗಿಲಲ್ಲಿ ಹಿಡ್ಕೊಂಡು ನಿಲ್ಲೋಕೆ. ಹೊರಗಿನವರು ಒಳಗೆ ಬಾರದ ಹಾಗೆ."

"ಯಾರಾನ ಬಂದಿದ್ರಾ?"

"ಇಲ್ಲ. ಇಷ್ಟು ವರ್ಷದಲ್ಲಿ ಯಾರೂ ಬಂದಿಲ್ಲ."

ಜವರಯ್ಯ ಯೋಚಿಸಿದ. "ಒಳ್ಗಡೆ ಏನ್ ನಡೀತದೆ ಅಂಗಾರೆ?"

ಶಾಮಣ್ಣ ಎದೆ ಸೆಟೆಸಿದ. "ಅದು ಹೇಳೋ ಹಾಗಿಲ್ಲ."

"ಪೊಲೀಸ್ರಿಗೂ?"

"ಹೆಂಡತಿಗೇ ಹೇಳಿಲ್ಲ."

ಜವರಯ್ಯ ಮತ್ತೆ ಮತ್ತೆ ಕೇಳಿದ, ಗದರಿಸಿದ, ಕೊನೆಗೆ ಕಡಲೆಕಾಯಿಯನ್ನೂ ಕೊಟ್ಟು ನೋಡಿದ. ಶಾಮಣ್ಣ ಕಡಲೆಕಾಯಿ ತಿಂದ, ಬಾಯಿ ಬಿಡಲಿಲ್ಲ. ಮುಚ್ಚಿಡಲು ಒಳಗೆ ಅಂಥದ್ದೇನೂ ಇಲ್ಲವೆಂಬುದು ಅವನಿಗೆ ಗೊತ್ತಿತ್ತು. ಆದರೂ ಮಾತು ಮಾತೇ. "ನಡೀರಿ, ನಾನೇ ಬಂದು ನೋಡ್ತೀನಿ," ಎಂದು ಜವರಯ್ಯ ಆಟೋದೊಳಗೆ ಕೂತ. ಕತ್ತಿಯನ್ನು ಅಡ್ಡ ಹಿಡಿದರೆ ಇಬ್ಬರಿಗೆ ಜಾಗ ಸಾಲದಾಯಿತು. ಶಾಮಣ್ಣ ಅದನ್ನು ನೆಟ್ಟಗೆ ಹಿಡಿದು, ಪಕ್ಕದ ಕಂಬಿಗೆ ಜೋತುಬಿದ್ದು ಲಾಡ್ಜು ತಲುಪಿದ.

ಸಭೆ ಶುರುವಾಗಿ ಬಹಳ ಹೊತ್ತಾಗಿತ್ತು. ಬಾಗಿಲ ಹೊರಗೆ ಕಾವಲಿನ ಬ್ರದರ್ ಧರ್ಮಪಾಲ, ಕತ್ತಿಯಿಲ್ಲದೆ, ಬಿಚ್ಚಿದ ಕೊಡೆಯೊಂದನ್ನು ಹಿಡಿದು ನಿಂತಿದ್ದ.

"ಬಂದ್ರಾ ಮಾರಾಯ್ರೆ. ಒಳಗೆ ಕುರ್ಚಿ ಹಂಚ್ತಾ ಉಂಟು. ಬೇಗ ಹೋಗಿ. ಮೈಸೂರಿನವ್ರು ನನ್ನ ಕೊಡೆ ನೋಡಿ ಮಳೆ ಬರ್ತದಾ ಅಂತ ಕೇಳಿದ್ರು, ಎಂತ ಹೇಳ್ಲಿ."

ಶಾಮಣ್ಣ ಒಳಗೆ ಓಡಿದ. ದೀಪಗಳು, ಕೋಟುಗಳು, ಮುಂದಿನ ಸಾಲಿನಲ್ಲಿ ರೇಷ್ಮೆಸೀರೆಯ ಮಾಳವಿಕಾ. ಅವನ ಕಣ್ಣು ಎಡಗಡೆಗೆ ಹೋಯಿತು. ಎರಡನೇ ಕುರ್ಚಿ ಖಾಲಿಯೇ ಇತ್ತು. ಶಾಮಣ್ಣನ ಮೊಣಕಾಲು ತಾನಾಗಿ ಮಡಚಲು ಶುರುವಾಯಿತು.

"ಇಷ್ಟು ತಡ ಯಾಕೆ ಬ್ರದರ್?" ಶ್ರೀರಾಮರ ದನಿ ಬಿಗಿಯಾಗಿತ್ತು.

ಹಿಂದೆಯೇ ಬಂದು ಅತಿಥಿಗಳ ನಡುವೆ ಕೂತಿದ್ದ ಜವರಯ್ಯ ಎದ್ದುನಿಂತ. ಕೋರ್ಟಿನಲ್ಲಿ ವಕೀಲರೆದುರು ಹೇಳಿಕೆ ಕೊಟ್ಟು ಅಭ್ಯಾಸವಿದ್ದವನು. "ಅವ್ರ ತಪ್ಪಿಲ್ಲ ಸಾರ್. ಬೆಳಿಗ್ಗಿಂದ ಈ ಕತ್ತಿ ಮುಂದೆ ಕಾಯ್ತಾ ನಿಂತಿದ್ರಂತೆ, ಆಟೋದೋನು ಹೇಳ್ದ. ರೋಡಲ್ಲಿ ನಾನು ಎಷ್ಟು ಕೇಳುದ್ರೂ ನಿಮ್ಮ ಗುಟ್ಟು ಬಿಡ್ಲಿಲ್ಲ. ನನ್ನ ಸರ್ವೀಸ್ನಲ್ಲಿ ಇಂಥ ಮನ್ಸನ್ನ ನೋಡಿಲ್ಲ."

ಶ್ರೀರಾಮ್ ಹೂ ಮುಡಿದ ಕತ್ತಿಯನ್ನು ನೋಡಿದರು, ಅದರ ಮೈಯ ಗಂಧ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಬ್ರದರ್‌ಗಳೇ, ಬ್ರದರ್ ಶಾಮಣ್ಣನಿಗೆ ನಾನೊಂದು ಕುರ್ಚಿ ಇಟ್ಟಿದ್ದೆ. ನಂಗೆ ಈಗ ನಾಚಿಕೆ ಆಗ್ತಿದೆ. ಕೂರೋಕೆ ನೂರು ಜನ ಸಿಗ್ತಾರೆ, ನಿಲ್ಲೋರು ಸಿಗೋದಿಲ್ಲ. ಪಾಪ ಧರ್ಮಪಾಲನವರ ಮೊಣಕಾಲೂ ಸೋತಿದೆ, ಆ ಕುರ್ಚಿಗೆ ಅವರು ಬರಲಿ. ನಮ್ಮ ಬಾಗಿಲಿಗೆ ಇನ್ನು ಮೇಲೆ ಬ್ರದರ್ ಶಾಮಣ್ಣ."

ಚಪ್ಪಾಳೆ ಬಿತ್ತು. ಮೈಸೂರಿನವರು ಎದ್ದುನಿಂತೇ ತಟ್ಟಿದರು, ಆಮೇಲೆ ಕೂತರು. ಧರ್ಮಪಾಲ ಕೊಡೆ ಮಡಚಿ ಒಳಗೆ ಬಂದು, ಎರಡನೇ ಕುರ್ಚಿಯ ಮೆತ್ತೆಗೆ ಬೆನ್ನೊರಗಿಸಿ, ಬೇಯಿಸಿದ ಗೆಣಸಿನ ಹಾಗೆ ಮೆತ್ತಗಾದ.

"ಸಾರ್," ಎಂದಳು ಮಾಳವಿಕಾ ಮುಂದಿನ ಸಾಲಿನಿಂದ, "ಇವರು ಎಷ್ಟು ಹೊತ್ತು ನಿಲ್ಬೇಕು?"

"ಒಂದು ವರ್ಷ ಅಮ್ಮ," ಎಂದರು ಶ್ರೀರಾಮ್ ಅಭಿಮಾನದಿಂದ. "ಚೆನ್ನಾಗಿ ನಿಂತ್ರೆ ಮುಂದುವರೆಸ್ತೇವೆ."

ಇಬ್ಬರು ಬ್ರದರ್‌ಗಳು ಶಾಮಣ್ಣನ ಅಕ್ಕಪಕ್ಕ ನಡೆದು, ಅವನನ್ನು ಮರ್ಯಾದೆಯಿಂದ ಹೊಸ್ತಿಲ ಆಚೆ ನಿಲ್ಲಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವರಾಂಡದಲ್ಲಿ ಮಂಜು ತುಂಬುತ್ತಿತ್ತು. ಕುರ್ಚಿಗಳನ್ನು ಎಳೆದು ಸರಿಮಾಡಿಕೊಳ್ಳುವ ಸದ್ದು ಒಳಗಿನಿಂದ ಕೇಳಿ, ನಿಂತುಹೋಯಿತು. ಶಾಮಣ್ಣ ಬೆನ್ನು ನೆಟ್ಟಗೆ ಮಾಡಿ ಕತ್ತಿಯನ್ನು ಬಲಗೈಗೆ ತಂದುಕೊಂಡ. ಉಜ್ಜಿಸಿ ತಂದು ಬಾಗಿಲಿಗೆ ಮುಟ್ಟಿಸುತ್ತೇನೆಂದು ಅವನು ಕೊಟ್ಟಿದ್ದ ಮಾತು ಅಲ್ಲಿಗೆ ನಡೆದುಹೋಯಿತು.