ಎರಡು ಬಾಯಿಯ ಇಂಗ್ಲಿಷು

ಆಗ ನನಗೆ ಅರವತ್ತಾರು. ಐದು ವರ್ಷದ ಹಿಂದಿನ ಮಾತು. ನನ್ನ ತಮ್ಮನಿಗೆ ತಲೆ ಸರಿ ಇಲ್ಲವೆಂದು ಭಾಲ್ಕಿಯ ನಮ್ಮ ಓಣಿಯವರೆಲ್ಲ ಹೇಳುತ್ತಿದ್ದರು. ಸುಳ್ಳು! ತಲೆ ಸರಿಯಾಗಿಯೇ ಇತ್ತು. ಅದರ ತುಂಬ ಇಂಗ್ಲಿಷ್ ಇತ್ತು, ಅಷ್ಟೇ.

ಔರಾದದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದು ನಿವೃತ್ತನಾದವನು. ಅವನ ಹೆಂಡತಿ ಹೋದಳು, ನನ್ನ ಗಂಡನೂ ಹೋದ. ಇಬ್ಬರಿಗೂ ಒಂದೇ ಒಲೆ ಸಾಕೆಂದು ಒಂದೇ ಮನೆಯಲ್ಲಿದ್ದೆವು. ಸಂಜೆ ಹೊರಗಿನ ಖೋಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಅವನ ಹುಚ್ಚು ಒಂದೇ: ಬರೆದರೆ ಒಂದೇ ಥರ, ಓದಿದರೆ ಎರಡು ಥರ ಆಗುವ ಇಂಗ್ಲಿಷ್ ಮಾತುಗಳು. ನನಗೆ ಕನ್ನಡ ಓದಲಿಕ್ಕೇ ಬೆರಳು ಇಡಬೇಕು. ಆದರೂ ರೊಟ್ಟಿ ಬಡಿಯುತ್ತ ನಾಲ್ಕು ವರ್ಷ ಕೇಳಿದರೆ ಒಲೆಯ ಕಲ್ಲಿಗೂ ಬಾಯಿಪಾಠವಾಗುತ್ತದೆ!

ಬರೀ ಹೇಳಿದರೆ ಅವನಿಗೆ ಸಮಾಧಾನವೆಲ್ಲಿ? ಮಾಡಿ ತೋರಿಸಬೇಕು. ಒಮ್ಮೆ ನನ್ನ ಹೊಸ ಟುವಾಲನ್ನು ಪರ್ರೆಂದು ಹರಿದು "ಟೇರ್!" ಅಂದ. ಆಮೇಲೆ ಕಣ್ಣೊರೆಸಿಕೊಳ್ಳುತ್ತ, "ಬರಿಯೂದು ಅದೇ, ಈಗ ಟಿಯರ್. ಕಣ್ಣೀರು" ಅಂದ.

"ಕಣ್ಣೀರು ನನಗ ಬರ್ಲತ್ತಾವ, ಮೂಳ! ನಿನ್ನ ಧೋತರ ಹರೀಬೇಕಿತ್ತಿಲ್ಲ?"

"ಧೋತರ ಹರಿದ್ರ ಮಕ್ಕಳು ಹಲಗಿ ಬಿಟ್ಟು ನನ್ನ ನೋಡ್ತಾವಕ್ಕಾ!"

ನೌಕರಿಯ ದಿನಗಳಲ್ಲಿ ಒಮ್ಮೆ ಬಸ್ಸು ದಾರಿಯಲ್ಲಿ ನಿಂತಿತಂತೆ. "ಎರಡೇ ಮಿನಿಟ್ ರೀ ಮಾಸ್ತರ, ಚಾ ಕುಡ್ದು ಬರ್ರಿ" ಅಂದ ಕಂಡಕ್ಟರ್. ಇವನು ಚಹಾ ಬಿಟ್ಟು, ಅದನ್ನೇ 'ಮೈನ್ಯೂಟ್' ಎಂದು ಓದಿದರೆ ತೀರ ಸಣ್ಣದು ಎಂದರ್ಥ ಅಂತ ಅಂಗಡಿಯವನಿಗೆ ತಿಳಿಸಿ ಹೇಳುತ್ತ ನಿಂತ. ಅಂಗಡಿಯವನಿಗೆ ತಿಳಿಯಿತು. ಬಸ್ಸು ಹೋಯಿತು! ಔರಾದದವರೆಗೆ ನಡೆದೇ ಹೋದ ಮಹಾರಾಯ.

ಅಂಥವನ ಹಲ್ಲು ಹೋದವು. ಬೀದರದ ಡಾಕ್ಟರು ಉಳಿದ ಒಂಬತ್ತನ್ನೂ ಕಿತ್ತು, ವಸಡು ಮಾಯಲಿ, ಮೂರು ತಿಂಗಳ ಮೇಲೆ ಹಲ್ಲಿನ ಸೆಟ್ಟು ಕೂರಿಸೋಣ ಅಂದರು. ಮಕ್ಕಳ ಪರೀಕ್ಷೆಗೆ ಉಳಿದಿದ್ದೂ ಮೂರೇ ತಿಂಗಳು. ಪಾಠಕ್ಕೆ ನಿಂತು ಬಾಯಿ ತೆರೆದ. ಇಂಗ್ಲಿಷಿನ ಬದಲು ಬರೀ ಗಾಳಿ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ಅವನು ಹಲಗೆ ಒರೆಸಿ, ಮಕ್ಕಳನ್ನು ಮನೆಗೆ ಕಳಿಸಿ, ಖೋಲಿಗೆ ಬೀಗ ಹಾಕಿದ.

"ಬ್ಯಾರೆ ಮಾಸ್ತರ ಹತ್ರ ಹೋಗ್ಲಿ ಬಿಡಕ್ಕಾ. ನಂದು ಮುಗೀತು."

"ಹಲ್ಲ ಹೋಗ್ಯಾವ, ಜೀವ ಹೋಗಿಲ್ಲ. ಏಳು, ರೊಟ್ಟಿ ನೆನಸೀನಿ, ಉಣ್ಣು."

ಉಂಡ. ಮುಸುಕು ಹಾಕಿ ಮಲಗಿದ. ಎಂಟು ದಿನ ಹೀಗೇ.

ಒಂದು ಮಧ್ಯಾಹ್ನ ಕೌದಿ ಹೊಲಿಯಲು ದಾರ ಸುತ್ತುತ್ತ ಕೂತಿದ್ದೆ. ನಾನು ದಾರ ಸುತ್ತಿದಾಗಲೆಲ್ಲ ಎಲ್ಲಿದ್ದರೂ "ವೈಂಡ್!" ಎಂದು ಕೂಗುತ್ತಿದ್ದವನು, ಎದುರಿಗೇ ಕೂತು ಗೋಡೆ ನೋಡುತ್ತಿದ್ದ. ಇಡೀ ಉಂಡೆ ಸುತ್ತಿದೆ. ಊಹೂಂ. ಬಿಚ್ಚಿ ಮತ್ತೆ ಸುತ್ತಿದೆ. ಊಹೂಂ. ಕಡೆಗೆ ನಾನೇ ಅಂದೆ: "ವೈಂಡ್."

ತಿರುಗಿ ನೋಡಿದ. ಕೆನ್ನೆ ಉಬ್ಬಿಸಿ, ಆ ಬೋಳು ಬಾಯಿಂದ ನನ್ನ ಮುಖಕ್ಕೆ ಉಫ್ಫೆಂದು ಊದಿದ.

"ವಿಂಡ್. ಗಾಳಿ. ಉಗುಳು ಸಿಡಸಬ್ಯಾಡ!"

ಎದ್ದು ನಿಂತು ಬಗ್ಗಿ ನಮಸ್ಕರಿಸಿದ. "ಬೌ" ಅಂದೆ. ಇನ್ನು ಬಿಲ್ಲು ಹಿಡಿದು 'ಬೋ' ತೋರಿಸಬೇಕು. ತೋರಿಸಲಿಲ್ಲ. ಬಗ್ಗಿದವನು ನನ್ನ ಕಾಲ ಹತ್ತಿರವೇ ಕೂತುಬಿಟ್ಟ.

"ಏಳು ಮೂಳ, ಬಿಲ್ಲು ಯಾರು ಹಿಡಿಯೂದು?" ಅಂದೆ.

ಮರುದಿನ ಬೆಳಿಗ್ಗೆ ಓಣಿಯ ಬಾಗಿಲುಗಳನ್ನೆಲ್ಲ ಬಡಿದು, "ಸಂಜಿಗಿ ಪಾಠ ಅದ, ಬರ್ರಿ! ಮಾಸ್ತರ ಮಾಡಿ ತೋರಸ್ತಾನ, ನಾ ಒದರ್ತೇನಿ. ನಕ್ಕವರಿಗಿ ಲಟ್ಟಣಿಗಿ!" ಎಂದು ಮಕ್ಕಳಿಗೆ ಹೇಳಿ ಬಂದೆ. ಖೋಲಿಯ ಬೀಗ ತೆಗೆದೆ. ಹಲಗೆಯ ಪಕ್ಕ ನನ್ನ ಮಣೆ ಹಾಕಿದೆ. ಮೇಜಿನ ಮೇಲೆ ಒಂದು ಹೊಸ ಟುವಾಲು ಇಟ್ಟೆ.