ಊರು ಬಿಡದೆ ಬಂದ ಅಕ್ಕ

ರಕ್ತನಾಳ ಪರಿಶೀಲನಾ ಕಚೇರಿಯ ತೀರ್ಮಾನದಂತೆ ಭೂಮಿಯ ಮೇಲೆ ಮನುಷ್ಯರು ಎರಡೇ ಬಗೆ: ಊರು ಬಿಟ್ಟವರು, ಊರು ಬಿಡದವರು. ಇವರಲ್ಲಿ ಯಾರ ರಕ್ತನಾಳ ಬೇಗ ಬಿಗಿಯುತ್ತದೆ ಎಂದು ಅಳೆಯಲು ಕಚೇರಿಯವರು ಒಂದು ಯಂತ್ರ ತರಿಸಿ, ಅಲುಗಾಡದಿರಲೆಂದು ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ್ದರು.

ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಇಸ್ತ್ರಿಯಮ್ಮ ಊರು ಬಿಟ್ಟವಳು. ಅವಳ ಬೆರಳು ಚುಚ್ಚಿ ನೋಡಿದ ಕಚೇರಿಯ ಡಾಕ್ಟರು, "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲಮ್ಮ. ಹೊರಟಿದೆ" ಅಂದರು.

"ಎಲ್ಲೀತನಕ ಬಂದಿದೆ ಸ್ವಾಮಿ?"

"ಬಾಗಿಲ ಹತ್ರ. ದಿನಾ ನಡೆದಾಡಿದ್ರೆ ವಾಪಸ್ ಹೋಗತ್ತೆ."

ಅವಳಿಗೊಬ್ಬಳು ಊರು ಬಿಡದ ಅಕ್ಕ ಇದ್ದಾಳೆಂದು ತಿಳಿದದ್ದೇ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಒಂದೇ ಹೊಟ್ಟೇಲಿ ಹುಟ್ಟಿ ಒಬ್ಬಳು ಬಿಟ್ಟು ಒಬ್ಬಳು ಬಿಡದೇ ಇರೋದು! ಕರೆಸಮ್ಮಾ!"

"ಅವಳು ಬರಲ್ಲ ಸ್ವಾಮಿ" ಅಂದಳು ಇಸ್ತ್ರಿಯಮ್ಮ. ಇವಳು ಊರು ಬಿಟ್ಟ ದಿನ, "ನೀನು ಹೋಗೋ ಊರಿನ ನೆಲಕ್ಕೆ ನಾನು ಕಾಲಿಟ್ಟರೆ ಕೇಳು" ಅಂತ ಬಾಗಿಲು ಹಾಕಿಕೊಂಡವಳು ಅಕ್ಕ. ತಂಗಿಯ ಮದುವೆಗೂ ಬರಲಿಲ್ಲ, ಬಾಣಂತನಕ್ಕೂ ಬರಲಿಲ್ಲ. ಅಕ್ಕ ತನ್ನ ಮನೆಯಲ್ಲಿ ಕೂತು ಒಂದು ಲೋಟ ಚಹಾ ಕುಡಿಯಲಿ, ಅಷ್ಟೇ ಇವಳ ಆಸೆ.

ಅಷ್ಟರಲ್ಲಿ ಕಚೇರಿಯ ಮ್ಯಾನೇಜರು ಆಕ್ಷೇಪ ಎತ್ತಿದರು. "ಆಕೆ ಇಲ್ಲಿಗೆ ಬಂದರೆ ಊರು ಬಿಟ್ಟವಳಾಗ್ತಾಳೆ. ಬರದಿದ್ದರೆ ಅಳೆಯೋದು ಹೇಗೆ?"

ತುರ್ತು ಸಭೆ ಸೇರಿತು. ಕೇಕು, ಕ್ರೀಮು ಬಿಸ್ಕತ್ತು ಖಾಲಿಯಾಗುವವರೆಗೂ ಚರ್ಚೆ ನಡೆದು, ಸುತ್ತೋಲೆ ಹೊರಬಿತ್ತು: "ಊರು ಬಿಡುವುದೆಂದರೆ ಕಾಲಿನಿಂದ ಬಿಡುವುದು. ಸ್ವಂತ ಮಂಚದ ಮೇಲಿರುವ ವ್ಯಕ್ತಿಯು, ಮಂಚವು ಎಲ್ಲಿಗೆ ಹೋದಾಗ್ಯೂ, ತನ್ನ ಊರಿನಲ್ಲಿಯೇ ಇರುವುದಾಗಿ ಭಾವಿಸತಕ್ಕದ್ದು."

ಇಸ್ತ್ರಿಯಮ್ಮ ಫೋನು ಮಾಡಿದಳು.

"ನಾನು ಬರಲ್ಲ ಅಂದ್ನಲ್ಲೇ!"

"ನೀನು ಬರಲೇಬಾರದು ಅಕ್ಕ, ಬಂದರೆ ಕೆಲಸ ಕೆಡತ್ತೆ. ನಿನ್ನ ಮಂಚ ಮಾತ್ರ ಬರತ್ತೆ. ನೀನು ಅದರ ಮೇಲೆ ಸುಮ್ನೆ ಊರಲ್ಲೇ ಇರು."

"ನೆಲಕ್ಕೆ ಕಾಲಿಡಬೇಕಾ?"

"ಇಟ್ರೆ ಅಪರಾಧ."

"ಹಾಗಿದ್ರೆ ಸರಿ. ಯಾವ ದಿಂಬು ತರಲಿ?"

ಲಾರಿಯಿಂದ ಮಂಚ ಇಳಿಯಿತು. ಕಚೇರಿಯ ಬಾಗಿಲಲ್ಲಿ ಅದು ಹಿಡಿಸದ ಕಾರಣ ಗೋಡೆ ಒಡೆಯಲಾಯಿತು. "ಮೆಲ್ಲಗೆ ಕಣ್ರೋ, ನನ್ನ ಊರು ಬೀಳಿಸ್ತೀರಾ!" ಎಂದು ಗದರಿದ ಅಕ್ಕ, ಮಂಚದ ಕಾಲು ಹಿಡಿದಿದ್ದ ತಂಗಿಯನ್ನು ನೋಡಿ, "ಎಷ್ಟು ಸೊರಗಿದೀಯೇ" ಅಂದಳು.

"ನೀನು ಊದಿದೀಯ" ಅಂತ ತಂಗಿ ಕಣ್ಣೊರೆಸಿಕೊಂಡಳು.

ಅಕ್ಕನಿಗೂ ಕಾಯಿಲೆ ಹೊರಟಿತ್ತು. ನಾಳ ತಂಗಿಯದಕ್ಕಿಂತ ಬಿಗಿ. ಮದ್ದು ನಡಿಗೆ, ಆದರೆ ನಡೆದರೆ ಊರು ಬಿಟ್ಟಂತೆ. ಹೀಗಾಗಿ ಮತ್ತೊಂದು ಸುತ್ತೋಲೆ ಬಂತು: "ಊರು ಬಿಡದವರ ಪರವಾಗಿ ಹತ್ತಿರದ ಸಂಬಂಧಿಕರು ನಡೆಯತಕ್ಕದ್ದು. ಅಧ್ಯಯನ ಮುಗಿಯುವವರೆಗೆ ಮಂಚವು ಸದರಿ ಸಂಬಂಧಿಕರ ಮನೆಯಲ್ಲಿರತಕ್ಕದ್ದು." ಅಧ್ಯಯನ ಯಾವಾಗ ಮುಗಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಮುಗಿದರೆ ಬಿಸ್ಕತ್ತೂ ನಿಲ್ಲುತ್ತಿತ್ತು.

ದಿನಾ ಸಂಜೆ ಇಸ್ತ್ರಿಯಮ್ಮ ಮತ್ತು ಲಾಂಡ್ರಿಯ ಗೆಳತಿಯರು ಮಂಚ ಹೊತ್ತು ಬೀದಿ ಸುತ್ತಿದರು. ಅವಳ ಬಾಗಿಲಿಗೆ ಬಂದಿದ್ದ ಕಾಯಿಲೆ ತಿರುಗಿಹೋಯಿತು. ಅಕ್ಕನದು ಇನ್ನೂ ಎರಡು ಹೆಜ್ಜೆ ಮುಂದೆ ಬಂತು. ಊರು ಬಿಡುವುದು ನಾಳಕ್ಕೆ ಹಿತ ಎಂದು ಕಚೇರಿ ಪ್ರಕಟಿಸಿತು.

ಒಂದು ದಿನ ಪಕ್ಕದ ಮನೆಯಾಕೆ ಇಣುಕಿದಳು. "ಅಕ್ಕ ಯಾವಾಗ ಬಂದ್ರು?"

"ಬಂದಿಲ್ಲ" ಎಂದಳು ಇಸ್ತ್ರಿಯಮ್ಮ, ಸಕ್ಕರೆ ಹಾಕದ ಚಹಾ ಬಸಿಯುತ್ತಾ.

"ಮತ್ತೆ ಊರಿಗೆ ಯಾವಾಗ ಹೋಗ್ತಾರೆ?"

"ಊರಲ್ಲೇ ಇದೀನಲ್ಲಮ್ಮ, ಇನ್ನೆಲ್ಲಿಗೆ ಹೋಗಲಿ?" ಅಕ್ಕ ಚಹಾ ಊದಿ ಕುಡಿದು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ಪಕ್ಕದ ಮನೆಯಾಕೆ ಸರಿ ಎಂದು ತಲೆಯಾಡಿಸಿ ಮಂಚದ ತುದಿಯಲ್ಲಿ ಕೂತಳು. ಮಂಚ ಅಕ್ಕನ ಊರು; ಅಲ್ಲಿ ಕೂತದ್ದೇ ತಡ, ನಿಯಮದಂತೆ ಅವಳೂ ತನ್ನ ಊರು ಬಿಟ್ಟವಳಾದಳು. ಮರುದಿನ ಡಾಕ್ಟರು ಬಂದು ಅವಳ ಬೆರಳನ್ನೂ ಚುಚ್ಚಿ ನೋಡಿ ಹೋದರು.